ಬಾಲದ ಇಪ್ಪತ್ತು ಕೂದಲು

ಇಷ್ಟೆಲ್ಲ ರಾದ್ಧಾಂತ ಶುರುವಾದದ್ದು ಒಂದು ಕರುವಿನ ಕಾಲಿನಿಂದ. ಕಾಲು ಅಂದರೆ ನಾಲ್ಕೂ ಕಾಲು. ಹೆಗ್ಗದ್ದೆಯ ಮಹಾದೇವಯ್ಯನ ಕೊಟ್ಟಿಗೆಯಲ್ಲಿದ್ದ ಗುಂಡ ಎಂಬ ಕರುವಿಗೆ ಒಂದೆರಡು ತಿಂಗಳಿಂದೀಚೆಗೆ ಮೊಣಕಾಲಿನ ಕೆಳಗೆ ಬೆಳ್ಳಗಾಗತೊಡಗಿತು. ಮೈ ನೋಡಿದರೆ ಹುರಿದ ಕಾಫಿಬೀಜದ ಬಣ್ಣ, ಕಾಲು ನೋಡಿದರೆ ಕಾನ್ವೆಂಟಿಗೆ ಹೊರಟ ಮಗುವಿನ ಹಾಗೆ ಬಿಳಿ ಸಾಕ್ಸು. ಈ ಗುಡ್ಡಗಳಲ್ಲಿ ಬಿಳಿ ಸಾಕ್ಸು ಹಾಕಿಕೊಂಡು ಓಡಾಡುವ ಪ್ರಾಣಿ ಒಂದೇ, ಅದು ಕಾಟಿ. ಪುಸ್ತಕದವರು ಅದನ್ನು ಕಾಡುಕೋಣ ಅನ್ನುತ್ತಾರೆ, ಪೇಟೆಯವರು ಬೈಸನ್ ಅನ್ನುತ್ತಾರೆ. ತೋಟದಲ್ಲಿ ಎದುರಿಗೆ ಸಿಕ್ಕಾಗ ಯಾರೂ ಏನೂ ಅನ್ನುವುದಿಲ್ಲ, ಓಡುತ್ತಾರೆ.

ಮಹಾದೇವಯ್ಯ ಮೊದಲೇ ಪುಕ್ಕಲ. ಐವತ್ತೆರಡು ವರ್ಷ ವಯಸ್ಸು, ಮೂರೆಕರೆ ಕಾಫಿ, ಕೆಂದಿ ಎಂಬ ಹಸು, ಮಂಜ ಎಂಬ ಮುದಿ ಎತ್ತು, ಪಂಕಜಾಕ್ಷಿ ಎಂಬ ಧೈರ್ಯವಂತ ಹೆಂಡತಿ, ಇಷ್ಟು ಅವನ ಸಂಸಾರ. ಹಾನುಬಾಳಿನ ಬಸ್ಸು ಹತ್ತಿದರೆ ಇಳಿಯುವವರೆಗೂ ಟಿಕೆಟ್ಟನ್ನು ಕೈಯಲ್ಲೇ ಹಿಡಿದು ಕೂರುವ ಆಸಾಮಿ. ಜೇಬಿಗೆ ಹಾಕಿದರೆ ಕಳೆದುಹೋಗಿ, ಚೆಕಿಂಗಿನವರು ಹತ್ತಿ, ತನ್ನನ್ನು ನಡುದಾರಿಯಲ್ಲಿ ಇಳಿಸಿದರೆ ಏನು ಗತಿ? ಕಾಕಿ ಬಟ್ಟೆ ಕಂಡರೆ ಅವನಿಗೆ ಎಷ್ಟು ಭಯ ಅಂದರೆ ಪೋಸ್ಟ್‌ಮ್ಯಾನ್‌ಗೂ ಎದ್ದು ನಿಂತು ಕೈ ಮುಗಿಯುತ್ತಿದ್ದ.

ಇಂಥವನ ಮನೆಗೆ ಗುಂಡ ತಾನಾಗಿಯೇ ಬಂದಿತ್ತು. ಹೋದ ವರ್ಷ ಕೆಂದಿ ಹಾಕಿದ ಕರು ಎರಡೇ ದಿನಕ್ಕೆ ಸತ್ತುಹೋಯಿತು. ವಾರ ಕಳೆದ ಮೇಲೆ ಒಂದು ಸಂಜೆ ಗುಡ್ಡದಲ್ಲಿ ಮೇಯಲು ಹೋಗಿದ್ದ ಕೆಂದಿಯ ಹಿಂದೆ ಹೊಂಬಣ್ಣದ ಪುಟ್ಟ ಕರುವೊಂದು ತಡವರಿಸುತ್ತ ಬಂತು. ಯಾರದೋ ಕೂಲಿ ಲೈನಿನ ಮನೆಯ ಕರು ಇರಬೇಕು ಅಂದುಕೊಂಡು ಸುತ್ತೆಲ್ಲ ವಿಚಾರಿಸಿದರು. ಯಾರೂ ತಮ್ಮದು ಅನ್ನಲಿಲ್ಲ. ಕೆಂದಿ ಹಾಲು ಕುಡಿಸಿತು, ಪಂಕಜಾಕ್ಷಿ ಬೆಲ್ಲ ತಿನ್ನಿಸಿದಳು. ಕರು ಬೆಳೆಯಿತು. ಬೆಳೆಯುತ್ತಲೇ ಹೋಯಿತು. ಕಪ್ಪಾಯಿತು, ಬೆನ್ನ ಮೇಲೆ ದಿಣ್ಣೆ ಎದ್ದಿತು, ಕಡೆಗೆ ಸಾಕ್ಸೂ ಬಂತು. ಪಂಕಜಾಕ್ಷಿಯ ಹಿಂದೆ ನಾಯಿಮರಿಯಂತೆ ಸುತ್ತುವ ಆ ಪ್ರಾಣಿ ಮಹಾದೇವಯ್ಯನನ್ನು ಕಂಡರೆ ಮಾತ್ರ ಮೂಗಿನಿಂದ 'ಬುಸ್' ಎಂದು ಗಾಳಿ ಬಿಡುತ್ತಿತ್ತು. ಅವನು ಅದಕ್ಕೆ ಕಲಗಚ್ಚು ಕೊಡುವುದಿದ್ದರೆ ಬಾನಿಯನ್ನು ಉದ್ದ ಬಿದಿರಿನ ಗಳದಿಂದ ತಳ್ಳಿ ಬರುತ್ತಿದ್ದ.

ಇದು ಹೊರಗೆ ಗೊತ್ತಾಗುವ ಹಾಗೇ ಇರಲಿಲ್ಲ. ಆದರೆ ಹಾಲಿನ ಡೇರಿ ನಡೆಸುವ ಪಕ್ಕದ ಮನೆ ಗಂಗಾಮಣಿ, ಮಹಾದೇವಯ್ಯನ ಹಿತ್ತಲಲ್ಲಿ ಬಿಟ್ಟ ದೊಡ್ಡ ಕುಂಬಳಕಾಯನ್ನು ತಬ್ಬಿಕೊಂಡು ಒಂದು ಫೋಟೊ ತೆಗೆಸಿಕೊಂಡಳು. ಊರಿನ ವಾಟ್ಸಾಪ್ ಗುಂಪಿಗೂ ಹಾಕಿದಳು. ಫೋಟೊದಲ್ಲಿ ಗಂಗಾಮಣಿ ನಗುತ್ತಿದ್ದಳು. ಅವಳ ಹಿಂದೆ, ಹೀರೆಬಳ್ಳಿಯ ಪಕ್ಕದಲ್ಲಿ, ಗುಂಡ ನಾಲ್ಕೂ ಕಾಲು ಕಾಣುವಂತೆ ನಿಂತಿತ್ತು. ಕುಂಬಳಕಾಯಿಯ ಬಗ್ಗೆ ಒಬ್ಬರೂ ಒಂದು ಮಾತು ಬರೆಯಲಿಲ್ಲ.

ಮೂರನೇ ದಿನ ಬೆಳಿಗ್ಗೆ ಏಳಕ್ಕೆ ಫೋನು ಬಂತು.

"ಮಾದೇವಣ್ಣ, ನಾನು ಪ್ರತಾಪ್, ಫಾರೆಸ್ಟ್ ಗಾರ್ಡು. ಹತ್ತು ಗಂಟೆಗೆ ಮನೆ ತಾವೇ ಇರಿ. ಝೂ ಕಡೆಯಿಂದ ಡಾಕ್ಟ್ರಮ್ಮ ಬತ್ತಾವ್ರೆ, ನಿಮ್ಮ ಕರು ನೋಡಕ್ಕೆ."

"ಯಾ... ಯಾವ ಕರು?"

"ಸಾಕ್ಸ್ ಹಾಕ್ಕಂಡಿರೋದು."

ಫೋನು ಕೈಯಿಂದ ಜಾರಿ ಇಡ್ಲಿಹಿಟ್ಟಿನ ಪಾತ್ರೆಗೆ ಬಿತ್ತು. ಪಂಕಜಾಕ್ಷಿ ಅದನ್ನೆತ್ತಿ ಒರೆಸುವಷ್ಟರಲ್ಲಿ ಎದುರು ಮನೆಯ ರಾಮಯ್ಯ ಜಗಲಿ ಹತ್ತಿಯಾಗಿತ್ತು. ರಾಮಯ್ಯ ವನಗೂರು ಕಡೆ ಎಸ್ಟೇಟೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ತನಗೆ ತಿಳಿಯದ ಕಾನೂನು ಸರ್ಕಾರದಲ್ಲೇ ಇಲ್ಲ ಎಂಬುದು ಅವನ ನಂಬಿಕೆ. ಯಾರ ಮನೆಯಲ್ಲಿ ಏನು ಕಷ್ಟ ಬಂದರೂ ಕರೆಯದೆ ಬಂದು, ಅದನ್ನು ಎರಡರಷ್ಟು ಮಾಡಿ, ಕಾಫಿ ಕುಡಿದು ಹೋಗುವುದು ಅವನ ಅಭ್ಯಾಸ.

"ಮೂರರಿಂದ ಏಳು ವರ್ಷ," ಅಂದ ರಾಮಯ್ಯ, ಕುರ್ಚಿ ಎಳೆದುಕೊಳ್ಳುತ್ತ.

"ಏನು ರಾಮಣ್ಣ?"

"ಜೈಲು ಕಣೋ ಮಾರಾಯ! ಹುಲಿ, ಆನೆ, ಕಾಟಿ ಎಲ್ಲಾ ಒಂದೇ ಪಟ್ಟೀಲಿ ಐತೆ. ನೀನು ಕೊಟ್ಟಿಗೇಲಿ ಹುಲಿ ಕಟ್ಟಾಕಿದ್ರೂ ಅಷ್ಟೇ, ಕಾಟಿ ಕಟ್ಟಾಕಿದ್ರೂ ಅಷ್ಟೇ."

"ನಾನೆಲ್ಲಿ ಕಟ್ಟಾಕ್ದೆ? ಅದೇ ಬಂತಲ್ಲ!"

"ಹಂಗೇ ಹೇಳು ಜಡ್ಜ್ ಮುಂದೆ. ಸ್ವಾಮಿ, ಕಾಟಿ ತಾನೇ ಬಂದು ಕುತ್ತಿಗೆಗೆ ಹಗ್ಗ ಹಾಕ್ಕಂಡ್ತು ಅಂತ."

ಮಹಾದೇವಯ್ಯ ಗೋಡೆ ಹಿಡಿದು ಕುಳಿತ. "ಬಚಾವಾಗಕ್ಕೆ ಏನೂ ದಾರಿ ಇಲ್ವಾ ರಾಮಣ್ಣ?"

"ಒಂದೇ ದಾರಿ. ಅದು ಊರ ದನ ಅಂತ ಸಾಬೀತಾಗ್ಬೇಕು. ರಕ್ತದಾಗೆ ಒಂದು ತೊಟ್ಟು ಕಾಟಿ ಕಂಡ್ರೂ ನೀನು ಕೆಟ್ಟೆ ಅಂತ್ಲೇ ಲೆಕ್ಕ."

"ರೀ, ಸುಮ್ಕೆ ಯಾಕೆ ಹಿಂಗಾಡ್ತೀರಾ? ಇದ್ದದ್ದು ಇದ್ದಂಗೆ ಹೇಳಿ. ಕರು ಬಂತು, ಸಾಕಿದ್ವಿ. ಬೇಕಿದ್ರೆ ಕರ್ಕಂಡು ಹೋಗ್ಲಿ," ಅಂದಳು ಪಂಕಜಾಕ್ಷಿ.

ಆ ಮನೆಯಲ್ಲಿ ಅಂದು ಆಡಿದ ಒಂದೇ ಒಂದು ಬುದ್ಧಿಮಾತು ಅದು. ಹಾಗಾಗಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ಉಪಾಯ ರಾಮಯ್ಯನದೇ. ಸಾಕ್ಸನ್ನು ಮುಚ್ಚಬೇಕು. ಮಹಾದೇವಯ್ಯ ತಲೆಗೆ ಹಚ್ಚಿಕೊಳ್ಳಲು ತಂದಿದ್ದ ಕಪ್ಪು ಬಣ್ಣದ ಪೊಟ್ಟಣ ಒಂದಿತ್ತು. ಅದನ್ನು ಕಲಸಿ ಕೊಟ್ಟಿಗೆಗೆ ತಂದರು. ಪಂಕಜಾಕ್ಷಿ ಬೆಲ್ಲ ತೋರಿಸುತ್ತ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗುಂಡನ ಕಾಲಿಗೆ ಬಣ್ಣ ಹಚ್ಚತೊಡಗಿದಳು. ಮಹಾದೇವಯ್ಯ ಕಿಟಕಿಯ ಹೊರಗೆ ನಿಂತು ಬಟ್ಟಲನ್ನು ಒಳಗೆ ಚಾಚಿ ಹಿಡಿದಿದ್ದ. ರಾಮಯ್ಯ ಇನ್ನೂ ದೂರದಲ್ಲಿ, ಹಲಸಿನ ಮರದ ಹಿಂದಿನಿಂದ ಸಲಹೆ ಕೊಡುತ್ತಿದ್ದ. ಒಬ್ಬ ಮನುಷ್ಯನ ತಲೆಗೆ ಸಾಲುವ ಬಣ್ಣ ಕಾಟಿಯ ಒಂದು ಕಾಲಿಗೆ ಮುಗಿದುಹೋಯಿತು. ಈಗ ಗುಂಡನಿಗೆ ಮೂರು ಬಿಳಿ ಸಾಕ್ಸು, ಒಂದು ಕಪ್ಪು ಸಾಕ್ಸು. ಮೊದಲು ದೂರದಿಂದ ನೋಡಿದವರಿಗೆ ಅನುಮಾನವಾದರೂ ಬರುತ್ತಿತ್ತು, ಈಗ ನಗು ಬರುತ್ತಿತ್ತು.

ಅಷ್ಟರಲ್ಲಿ ಇಳಿಜಾರಿನಲ್ಲಿ ಜೀಪಿನ ಸದ್ದು ಕೇಳಿತು.

ಜೀಪಿನಿಂದ ಮೊದಲು ಇಳಿದವನು ಗಾರ್ಡ್ ಪ್ರತಾಪ್. ಮಹಾದೇವಯ್ಯ ಕಾಕಿ ಕಂಡ ತಕ್ಷಣ ಎರಡೂ ಕೈ ಮುಂದೆ ಚಾಚಿ, ಬೇಡಿ ಹಾಕುವುದಿದ್ದರೆ ಹಾಕಲಿ ಎಂಬಂತೆ ನಿಂತ. ಪ್ರತಾಪ್ ಅದನ್ನು ಸ್ವಾಗತ ಎಂದು ತಿಳಿದು ಕೈ ಕುಲುಕಿದ. ಹಿಂದಿನಿಂದ ಇಳಿದವರು ಡಾಕ್ಟರ್ ಶಾಲಿನಿ. ಕನ್ನಡಕ, ಎತ್ತಿ ಕಟ್ಟಿದ ಕೂದಲು, ಕೈಯಲ್ಲಿ ದಪ್ಪ ಫೈಲು. ಮೃಗಾಲಯದ ಶುದ್ಧ ತಳಿ ಸಂರಕ್ಷಣಾ ಘಟಕಕ್ಕೆ ಅವರೇ ಮುಖ್ಯಸ್ಥೆ.

"ಮೇಡಂ, ಅದು ನಮ್ಮ ಕೆಂದಿ ಕರು," ಅಂದ ಮಹಾದೇವಯ್ಯ, ಅವರಿನ್ನೂ ಏನೂ ಕೇಳುವ ಮೊದಲೇ. "ಕಾಟಿ ಅಲ್ವೇ ಅಲ್ಲ. ನಾನು ಕಾಟೀನ ನೋಡೇ ಇಲ್ಲ. ಹೆಂಗಿರುತ್ತೆ ಅಂತ್ಲೂ ಗೊತ್ತಿಲ್ಲ."

ಗುಂಡ ಕೊಟ್ಟಿಗೆಯ ಅರ್ಧಬಾಗಿಲ ಮೇಲಿಂದ ತಲೆ ಹೊರಗೆ ಹಾಕಿ ಎಲ್ಲರನ್ನೂ ನೋಡಿತು. ಪ್ರತಾಪ್ ಒಂದು ಹೆಜ್ಜೆ ಹಿಂದೆ ಸರಿದ. "ಅಬ್ಬಾ, ಏನ್ ಕಾಟಿ ಮಾರಾಯ ಇದು!" ಎಂದು ಬಾಯಿ ತಪ್ಪಿ ಅಂದೇಬಿಟ್ಟ.

"ಪ್ರತಾಪ್, ನೋಡಿ ಹೇಳಬೇಡಿ," ಎಂದು ಶಾಲಿನಿ ಗದರಿದರು. "ನಾವು ಹಾಳಾಗಿದ್ದೇ ನೋಡಿ ನೋಡಿ."

ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕುಳಿತ ಮೇಲೆ ಅವರೇ ವಿವರಿಸಿದರು. ಅವರ ಮೃಗಾಲಯದಲ್ಲಿ ಹಿಂದೆ ಕಾಟಿಗಳ ಒಳ್ಳೆಯ ಹಿಂಡೊಂದು ಇತ್ತಂತೆ. ಹೊಸ ರಕ್ತ ಬೇಕು ಎಂದು ಎಲ್ಲಿಂದಲೋ ಒಂದು ಹೋರಿ ತಂದರಂತೆ. ಎತ್ತರ, ಬಣ್ಣ, ಕೊಂಬು, ಸಾಕ್ಸು ಎಲ್ಲ ಸರಿಯಾಗಿತ್ತು. ದೊಡ್ಡ ದೊಡ್ಡವರು ಬಂದು ನೋಡಿ ಅಪ್ಪಟ ಕಾಟಿ ಎಂದು ಸಹಿ ಹಾಕಿದರು. ಹದಿನಾಲ್ಕು ಮರಿ ಹುಟ್ಟಿದ ಮೇಲೆ ಪರೀಕ್ಷೆ ಮಾಡಿದರೆ ಅದರ ಅಜ್ಜಿ ಯಾರದೋ ಮನೆಯ ಹಸು!

"ಹಿಂಡಿಗೆ ಹಿಂಡೇ ಬೆರಕೆ ಆಯ್ತು. ಒಂದು ಸಲ ಬೆರೆತ ಮೇಲೆ ಬೇರೆ ಮಾಡೋಕಾಗುತ್ತಾ? ಅವತ್ತಿಂದ ನಮ್ಮಲ್ಲಿ ಒಂದೇ ನಿಯಮ. ಕಣ್ಣನ್ನ ನಂಬೋ ಹಾಗಿಲ್ಲ. ಯಂತ್ರ ಏನು ಹೇಳುತ್ತೋ ಅದೇ ಕೊನೆ." ಶಾಲಿನಿ ಜೀಪಿನ ಕಡೆ ಬೆರಳು ತೋರಿಸಿದರು. ಹಿಂದಿನ ಸೀಟಿನಲ್ಲಿ ಹಾಲಿನ ಕ್ಯಾನಿನಷ್ಟು ದೊಡ್ಡ ಬಿಳಿ ಪೆಟ್ಟಿಗೆಯೊಂದು ಕುಳಿತಿತ್ತು. "ಬಾಲದ ಬುಡದಿಂದ ಇಪ್ಪತ್ತು ಕೂದಲು ಬೇರು ಸಮೇತ ಬೇಕು. ಮೂರು ಗಂಟೆಯಲ್ಲಿ ಅದರ ಜಾತಕವೆಲ್ಲ ಹೊರಗೆ ಬರುತ್ತೆ."

ಮಹಾದೇವಯ್ಯನಿಗೆ ಆ ಪೆಟ್ಟಿಗೆಯೇ ಜಡ್ಜಿನ ಹಾಗೆ ಕಂಡಿತು.

ಕೂದಲು ಕೀಳಲು ಪ್ರತಾಪ್ ಹೋದ. ಗುಂಡ ಒಮ್ಮೆ ನೆಲ ಕೆರೆಯಿತು, ಅಷ್ಟೇ. ಪ್ರತಾಪ್ ಹೋದದ್ದಕ್ಕಿಂತ ಜೋರಾಗಿ ವಾಪಸು ಬಂದ. "ಮೇಡಂ, ಅಪರಿಚಿತರನ್ನ ಬುಟ್ಕಳಲ್ಲ ಅದು. ಮನೆಯವ್ರೇ ಕಿತ್ಕೊಟ್ರೆ ಒಳ್ಳೇದು."

ಪಂಕಜಾಕ್ಷಿ ಎದ್ದಳು. ಆದರೆ ಮಹಾದೇವಯ್ಯನ ತಲೆಯಲ್ಲಿ ಅದೇ ಗಳಿಗೆಗೆ ಏನೋ ಮಿಂಚಿತು. ಜೀವಮಾನದಲ್ಲಿ ಮೊದಲ ಸಲ ಅವನು ಹೆಂಡತಿಯನ್ನು ಪಕ್ಕಕ್ಕೆ ಸರಿಸಿ, "ಬುಡು, ನಾನು ಹೋಗ್ತೀನಿ," ಅಂದ. ಪಂಕಜಾಕ್ಷಿ ಗಂಡನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

ಡಾಕ್ಟರು ಕೊಟ್ಟ ಲಕೋಟೆ ಹಿಡಿದು ಅವನು ಕೊಟ್ಟಿಗೆ ಹೊಕ್ಕು ಬಾಗಿಲಿನ ಮೇಲಿನ ಅರ್ಧವನ್ನೂ ಎಳೆದುಕೊಂಡ. ಒಳಗೆ ಮಬ್ಬುಗತ್ತಲೆ. ಎಡಕ್ಕೆ ಗುಂಡ. ಬಲಕ್ಕೆ ಮುದಿ ಎತ್ತು ಮಂಜ, ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಿತ್ತು. ಗುಂಡನ ಕೂದಲು ಕೊಟ್ಟರೆ ಜೈಲು. ಕೆಂದಿಯ ಕೂದಲು ಕೊಡೋಣವೆಂದರೆ ಅದು ಹೆಣ್ಣು, ಯಂತ್ರ ಹಿಡಿದುಬಿಟ್ಟೀತು. ಮಂಜ ಬೀಜ ಒಡೆಸಿದ ಎತ್ತಾದರೂ ಹುಟ್ಟಿದ್ದು ಗಂಡಾಗಿಯೇ ತಾನೇ? ಜೊತೆಗೆ ಹುಟ್ಟಾ ಊರ ದನ. ಅದರ ಅಪ್ಪ ಅಮ್ಮ ಇಬ್ಬರನ್ನೂ ಮಹಾದೇವಯ್ಯನ ಅಪ್ಪನೇ ಸಾಕಿದ್ದ.

ಅವನು ಗೋಡೆಗೆ ಬೆನ್ನು ಉಜ್ಜಿಕೊಂಡು ಮಂಜನ ಹಿಂದೆ ಸರಿದು ಬಾಲ ಹಿಡಿದ. ಒಂದು, ಎರಡು, ಮೂರು... ಪಾಪದ ಎತ್ತು ಒಂದು ಸಲ ತಿರುಗಿ ನೋಡಿ ಮತ್ತೆ ಮೆಲುಕಿಗೆ ಹೊರಳಿತು. ಹನ್ನೊಂದನೇ ಕೂದಲಿಗೆ ಮಹಾದೇವಯ್ಯನ ಕುತ್ತಿಗೆಯ ಮೇಲೆ ಬಿಸಿಗಾಳಿ ಬಡಿಯಿತು. ಅವನು ತಿರುಗಲಿಲ್ಲ. ತಿರುಗುವ ಅಗತ್ಯವೂ ಇರಲಿಲ್ಲ. ಗುಂಡನ ಒದ್ದೆ ಮೂಗು ಅವನ ಕಿವಿಯ ಹಿಂದೆ ಓಡಾಡಿ, ಅಂಗಿಯ ಕಾಲರನ್ನು ನೆಕ್ಕಿ, ಬೆನ್ನಿನ ಮೇಲೆ ಜೋರಾಗಿ 'ಬುಸ್' ಎಂದಿತು. ತಿಳಿದ ದೇವರನ್ನೆಲ್ಲ ಕರೆಯುತ್ತ, ಕೂದಲಿಗೊಬ್ಬ ದೇವರಂತೆ ಅವನು ಇಪ್ಪತ್ತು ಮುಗಿಸಿದ. ಹೊರಗೆ ಬಂದಾಗ ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕಾಲರಿನ ಅರ್ಧ ಇರಲಿಲ್ಲ.

"ನಿಮ್ಮ ಧೈರ್ಯ ಮೆಚ್ಚಬೇಕು," ಎಂದು ಶಾಲಿನಿ ಲಕೋಟೆ ತೆಗೆದುಕೊಂಡರು.

ಯಂತ್ರ ಗುಂಯ್‌ಗುಡತೊಡಗಿತು. ಆ ಮೂರು ಗಂಟೆ ಮಹಾದೇವಯ್ಯನಿಗೆ ಹೇಗೆ ಕಳೆಯಿತೋ ಆ ಶಿವನೇ ಬಲ್ಲ. ಪೆಟ್ಟಿಗೆ ಒಮ್ಮೆ 'ಟಿಕ್' ಅಂದರೆ ಅವನ ಎದೆ ಎರಡು ಸಲ ಅನ್ನುತ್ತಿತ್ತು. ಮೋಸ ಮಾಡಿದ್ದು ಗೊತ್ತಾದರೆ ಏಳು ವರ್ಷದ ಜೊತೆ ಇನ್ನೆಷ್ಟು ಸೇರಿಸುತ್ತಾರೋ? ರಾಮಯ್ಯನನ್ನು ಕೇಳೋಣವೆಂದರೆ ಅವನು ಸೇರಿಸಿಯೇ ಹೇಳುತ್ತಾನೆ. ಯಾರಿಗೂ ಹೇಳದೆ, ಕೂರಲಾಗದೆ, ನಿಲ್ಲಲಾಗದೆ ಅವನು ಅಂಗಳದಲ್ಲಿ ಸುತ್ತಿದ. ಕಡೆಗೆ ರಾಮಯ್ಯನನ್ನೂ ಗಂಗಾಮಣಿಯನ್ನೂ ಹಿತ್ತಲಿಗೆ ಎಳೆದೊಯ್ದು ಕೈ ಮುಗಿದ.

"ನನ್ನ ಮಾನ ಉಳ್ಸಿ. ಕರು ಕೆಂದೀದೇ ಅಂತ ನೀವಿಬ್ರೂ ಒಂದು ಮಾತು ಹೇಳ್ಬುಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಅಯ್ಯೋ, ಅದಕ್ಯಾಕೆ ಅಷ್ಟೊಂದು ಮಾದೇವಣ್ಣ? ಫೋಟೊ ಹಾಕಿ ಗಾಚಾರ ತಂದೋಳು ನಾನೇ ಅಲ್ವಾ. ನಾನು ನೋಡ್ಕತೀನಿ ಬುಡಿ," ಅಂದಳು ಗಂಗಾಮಣಿ.

ಅವಳು ನೋಡಿಕೊಂಡ ರೀತಿ ಏನು ಹೇಳಲಿ! ಪ್ರತಾಪ್ ಮಹಜರು ಬರೆಯಲು ಕುಳಿತಾಗ, "ಸಾ, ಆ ಕರು ಹುಟ್ಟಿದ್ದು ನನ್ನ ಕೈಯಾಗೆ," ಎಂದು ಶುರು ಮಾಡಿದಳು. ಕೆಂದಿ ಮೂರು ತಾಸು ಒದ್ದಾಡಿದ್ದು, ಹಿಂಗಾಲು ಮುಂದಾಗಿ ಬಂದದ್ದು, ತಾನು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಎಳೆದದ್ದು, ಕರು ಬಿದ್ದ ಕೂಡಲೇ ತನ್ನ ಮುಖ ನೋಡಿದ್ದು, ಎಲ್ಲವನ್ನೂ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು. ರಾಮಯ್ಯ ಹಿಂದೆ ಬಿದ್ದಾನೆಯೇ? "ಅದರಪ್ಪ ನಮ್ಮ ಎಸ್ಟೇಟಿನ ಹೋರಿ ಕಣ್ರೀ. ಸ್ಟೋರಿನ ಹಿಂದೆ ಕಟ್ಟಾಕ್ತಿದ್ವಿ. ಇದೇ ಮುಖ, ಇದೇ ಬುಸುಬುಸು. ಕೆಂದೀನ ಕರ್ಕಂಡು ಹೋಗಿದ್ದವನೇ ನಾನು," ಎಂದು ಬರೆಸಿ, ಮೂವತ್ತು ವರ್ಷ ಕೂಲಿಗಳ ಹಾಜರಿ ಬರೆಯುವ ಮಸ್ಟರ್ ರೋಲಿಗೆ ಹಾಕಿದ ಅದೇ ಸೊಟ್ಟ ಸಹಿಯನ್ನು ಕೆಳಗೆ ಎಳೆದ. ಮಹಾದೇವಯ್ಯನೂ ಸಹಿ ಹಾಕಿದ. ಪಂಕಜಾಕ್ಷಿ ಮಾತ್ರ ಹಾಕಲಿಲ್ಲ. ಒಲೆಯ ಮೇಲೆ ಸಾರು ಇದೆ ಎಂದು ಒಳಗೆ ಹೋದಳು.

ಎರಡು ಗಂಟೆಗೆ ಪೆಟ್ಟಿಗೆ ಕೂಗಿತು. ಒಂದು ಉದ್ದನೆಯ ಚೀಟಿ ಹೊರಬಂತು. ಶಾಲಿನಿ ಅದನ್ನು ಓದಿದರು, ಕನ್ನಡಕ ಒರೆಸಿ ಮತ್ತೆ ಓದಿದರು. ಅವರ ಮುಖ ಸಪ್ಪೆಯಾಯಿತು.

"ಕಾಟಿ ರಕ್ತ ಸೊನ್ನೆ. ಇದು ಊರ ದನ."

ಮಹಾದೇವಯ್ಯನಿಗೆ ಕಣ್ಣು ಕತ್ತಲೆ ಬಂತು. ಈ ಸಲ ಸಂತೋಷಕ್ಕೆ. ಜಗಲಿಯ ಕಂಬ ತಬ್ಬಿಕೊಂಡು, "ಬದುಕ್ದೆ ಕಣೇ ಪಂಕಜಾ!" ಎಂದು ಕೂಗಿದ. ಪ್ರತಾಪ್ ಮಾತ್ರ ಕೊಟ್ಟಿಗೆಯ ಕಡೆ ನೋಡಿದ, ಚೀಟಿಯ ಕಡೆ ನೋಡಿದ, ತಲೆ ಕೆರೆದುಕೊಂಡ. ಅರ್ಧಬಾಗಿಲ ಮೇಲೆ ಊರ ದನ ತನ್ನ ಮೊರದಷ್ಟು ಅಗಲದ ತಲೆಯನ್ನು ಅಲ್ಲಾಡಿಸುತ್ತಿತ್ತು.

"ಒಂದು ನಿಮಿಷ." ಶಾಲಿನಿ ಚೀಟಿಯ ಕೆಳಗಿನ ಭಾಗಕ್ಕೆ ಬಂದಿದ್ದರು. ಮುಖ ನಿಧಾನವಾಗಿ ಅರಳತೊಡಗಿತು. "ಇದು... ಇದು ಅಪ್ಪಟ ಮಲೆನಾಡು ಗಿಡ್ಡ! ನೂರಕ್ಕೆ ನೂರು! ಒಂದು ಎಳೆ ಜರ್ಸಿ ಇಲ್ಲ, ಹೊರಗಿನ ರಕ್ತ ಇಲ್ಲ. ನಾಲ್ಕು ವರ್ಷದಿಂದ ಮೂರು ತಾಲ್ಲೂಕು ಸುತ್ತಿದ್ದೀನಿ, ಇಷ್ಟು ಶುದ್ಧವಾದ ಗಂಡು ಒಂದೂ ಸಿಕ್ಕಿರಲಿಲ್ಲ."

ಮಲೆನಾಡು ಗಿಡ್ಡ ಅಂದರೆ ಹೆಸರೇ ಹೇಳುವಂತೆ ಗಿಡ್ಡ. ಪೂರ್ತಿ ಬೆಳೆದರೂ ಮನುಷ್ಯನ ಸೊಂಟ ದಾಟುವುದಿಲ್ಲ. ಹದಿನಾಲ್ಕು ತಿಂಗಳ ಗುಂಡ ಆಗಲೇ ಮಹಾದೇವಯ್ಯನ ಎದೆಗೆ ಬಂದಿತ್ತು.

"ಗಾತ್ರ ಸ್ವಲ್ಪ ಜಾಸ್ತಿ ಆಗಿದೆ. ಚೆನ್ನಾಗಿ ಮೇವು ಹಾಕಿದ್ದೀರಿ," ಅಂದರು ಶಾಲಿನಿ ಮೆಚ್ಚುಗೆಯಿಂದ. "ನಮ್ಮ ಘಟಕ ಬರೀ ಕಾಟಿಗಲ್ಲ, ನಾಟಿ ದನಗಳ ಶುದ್ಧ ತಳಿಗೂ ಇದೆ. ಇವತ್ತಿಂದ ಇದು ಈ ಭಾಗದ ಬೀಜದ ಹೋರಿ. ಇದನ್ನ ಮಾರೋ ಹಾಗಿಲ್ಲ, ಬೀಜ ಒಡೆಸೋ ಹಾಗಿಲ್ಲ, ಬೇರೆಯವರಿಗೆ ಕೊಡೋ ಹಾಗಿಲ್ಲ. ನೀವೇ ಸಾಕಬೇಕು. ಸುತ್ತಲಿನ ಊರಿನ ಹಸುಗಳೆಲ್ಲ ಇಲ್ಲಿಗೇ ಬರುತ್ತವೆ."

ಮಹಾದೇವಯ್ಯನ ಕೈಯಿಂದ ಕಂಬ ಜಾರಿತು. "ಎ... ಎಷ್ಟು ದಿನ ಮೇಡಂ?"

"ದಿನ ಏನು ಬಂತು? ಅದು ಬದುಕಿರೋವರೆಗೂ."

ಅವನು ಪ್ರತಾಪನನ್ನು ಮೂಲೆಗೆ ಎಳೆದು ಪಿಸುಗುಟ್ಟಿದ. "ಗಾರ್ಡ್ ಸಾಹೇಬ್ರೆ, ರಾತ್ರೋರಾತ್ರಿ ಕಾಡಿಗೆ ಹೊಡ್ದುಬುಟ್ರೆ?"

"ಏನ್ ಮಾತು ಮಾದೇವಣ್ಣ! ಈಗ ಕಾಗ್ದದ ಪ್ರಕಾರ ಅದು ಊರ ಹೋರಿ. ಊರ ಹೋರೀನ ಕಾಡಿಗೆ ಬುಟ್ಟು ಕಾಟಿ ಹಿಂಡಿನ ಶುದ್ಧ ತಳಿ ಕೆಡ್ಸಿದ್ರು ಅಂತ ನಿಮ್ಮ ಮೇಲೆ ನಾನೇ ಕೇಸ್ ಹಾಕ್ಬೇಕಾಯ್ತದೆ." ಪ್ರತಾಪ್ ದನಿ ಇನ್ನೂ ತಗ್ಗಿಸಿದ. "ನಂಗೆ ಕಣ್ಣು ಐತೆ, ಅದು ಏನು ಅಂತ ನಂಗೆ ಗೊತ್ತು. ಆದ್ರೆ ಕಣ್ಣಿಗೆ ಇಲ್ಲಿ ಬೆಲೆ ಇಲ್ಲ ಕಣ್ರೀ."

ಮುಚ್ಚಳಿಕೆ ಪತ್ರ ಸಿದ್ಧವಾಯಿತು. ಜೈಲಿನ ಭಯದಲ್ಲಿ ಬೆಳಿಗ್ಗೆಯಿಂದ ಬೆಂದಿದ್ದ ಮಹಾದೇವಯ್ಯ, ಇದಾದರೂ ಮುಗಿಯಲಿ ಎಂದು ತೋರಿಸಿದಲ್ಲೆಲ್ಲ ಸಹಿ ಹಾಕಿದ. ಶಾಲಿನಿ ಪತ್ರಗಳನ್ನು ಫೈಲಿಗೆ ಸೇರಿಸಿ ಜೀಪಿನ ಬಳಿ ಹೋದರು. ಮುಂದಿನ ಸೀಟಿನ ಮೇಲೆ ಇದ್ದ ದೊಡ್ಡ ಪೊಟ್ಟಣವೊಂದು ಅವರ ಕೈಗೆ ಅಡ್ಡ ಬಂತು. ಅದರೊಳಗಿಂದ ಜರಿಯ ಶಾಲಿನ ತುದಿ, ಏಲಕ್ಕಿ ಹಾರ ಇಣುಕುತ್ತಿದ್ದವು.

"ಛೆ, ಇದು ಇವತ್ತು ಉಪಯೋಗಕ್ಕೆ ಬರಲಿಲ್ಲ," ಎಂದು ನಿಟ್ಟುಸಿರು ಬಿಟ್ಟರು.

"ಏನು ಮೇಡಂ ಅದು?" ಕೇಳಿದ ಮಹಾದೇವಯ್ಯ.

"ನಿಮಗೇ ಅಂತ ತಂದಿದ್ದು. ಕಾಟಿ ಆಗಿದ್ದಿದ್ರೆ ಸನ್ಮಾನ ಮಾಡೋದಿತ್ತು. ತಾಯಿ ಇಲ್ಲದ ಕಾಟಿ ಮರೀನ ಉಳಿಸಿದೋರು ಅಂದ್ರೆ ಸುಮ್ಮನೆನಾ? ನಿಮ್ಮ ಮೇಲೆ ಯಾವ ಕೇಸೂ ಇಲ್ಲ ಅಂತ ಇಲಾಖೆಯಿಂದ ಪತ್ರ ಮಾಡಿಸಿಯೇ ಬಂದಿದ್ದೆ. ಸಂಜೆಗೆ ಲಾರಿ ಬಂದು ಕರುವನ್ನ ಮೃಗಾಲಯಕ್ಕೆ ಕರ್ಕೊಂಡು ಹೋಗ್ತಿತ್ತು. ನಮಗೂ ಹೊಸ ಹಿಂಡಿಗೆ ಒಂದು ಶುದ್ಧ ಹೋರಿ ಆಗ್ತಿತ್ತು. ಇರಲಿ ಬಿಡಿ."

ಮಹಾದೇವಯ್ಯ ಬಾಯಿ ತೆರೆದ. ಒಟ್ಟಿಗೇ ಎಲ್ಲ ಬಂತು.

"ಮೇಡಂ, ಅದು ಕಾಟಿ! ಕಾಟೀನೇ ಮೇಡಂ! ಕೂದ್ಲು ಅದರದ್ದಲ್ಲ, ಎತ್ತಿಂದು! ಮಂಜಂದು! ನಾನೇ ಕಿತ್ತು ಕೊಟ್ಟೆ, ಹೆದ್ರಿಕೆಗೆ! ನಿಮ್ಮ ಗಿಡ್ಡ ಅಲ್ಲಿ ಮಲಗೈತೆ ನೋಡಿ, ಬೀಜ ಒಡೆಸಿ ಹನ್ನೆರಡು ವರ್ಷ ಆಯ್ತು!"

ಶಾಲಿನಿ ನಕ್ಕರು. ಕೋಪವಿಲ್ಲದ, ಇಂಥದ್ದನ್ನು ತುಂಬ ನೋಡಿದವರ ನಗು.

"ನೋಡಿದ್ರಾ ಪ್ರತಾಪ್? ಇದಕ್ಕೇ ನಾನು ಸನ್ಮಾನದ ವಿಷಯ ಮೊದಲೇ ಹೇಳಬೇಡಿ ಅಂದಿದ್ದು. ಶಾಲು ಕಂಡ ಕೂಡಲೇ ಎಲ್ಲರ ಮನೆ ಕರುವೂ ಕಾಟಿ ಆಗಿಬಿಡುತ್ತೆ. ಹೋದ ತಿಂಗಳು ಆಲೂರು ಕಡೆ ಒಬ್ಬರು ಎಮ್ಮೆಕೋಣದ ಕಾಲಿಗೆ ಸುಣ್ಣ ಬಳಿದು ತಂದಿದ್ರು. ಇವರದೂ ಅದೇ ಕತೆ. ಮೂರು ಕಾಲಿಗೆ ಬಿಳಿ ಬಳಿದು ನಾಲ್ಕನೇದಕ್ಕೆ ಪುರುಸೊತ್ತು ಸಿಗಲಿಲ್ಲ ಅಂತ ಕಾಣುತ್ತೆ."

"ಇಲ್ಲ ಮೇಡಂ, ನಾವು ಬಳಿದಿದ್ದು ಕಪ್ಪು! ಇನ್ನೊಂದ್ಸಲ ಕೂದ್ಲು ತಗಳಿ, ಕೈ ಮುಗೀತೀನಿ!"

"ಒಂದು ಪ್ರಾಣಿಗೆ ಒಂದೇ ಪರೀಕ್ಷೆ. ಅದೂ ನಿಯಮ." ಶಾಲಿನಿ ಫೈಲಿನಿಂದ ಮಹಜರು ತೆಗೆದು ತೋರಿಸಿದರು. "ಅದೂ ಅಲ್ಲದೆ, ಇಲ್ಲಿ ಸಾಕ್ಷಿ ಇದೆಯಲ್ಲ. ಏನಮ್ಮ, ಈ ಕರು ಹುಟ್ಟಿದ್ದು ನಿಮ್ಮ ಕೈಯಲ್ಲಿ ತಾನೆ?"

ಮಹಾದೇವಯ್ಯ ಗಂಗಾಮಣಿಯ ಕಡೆ ದೈನ್ಯದಿಂದ ನೋಡಿದ. ಗಂಗಾಮಣಿ ಒಂದು ಗಳಿಗೆ ತಡವರಿಸಿದಳು. ಬರೆದುಕೊಟ್ಟದ್ದು ಸುಳ್ಳು ಅಂದರೆ ಕೇಸು ತನ್ನ ಮೇಲೆ ಬರುತ್ತದೆ ಎಂದು ರಾಮಯ್ಯ ಆಗಲೇ ಅವಳ ಕಿವಿಯಲ್ಲಿ ಊದಿದ್ದ.

"ಹೌದು ಮೇಡಂ. ನನ್ನ ಮುಖಾನೇ ಮೊದ್ಲು ನೋಡಿದ್ದು," ಅಂದಳು.

"ಅದರಪ್ಪ ನಮ್ಮ ಎಸ್ಟೇಟಿನ ಹೋರೀನೇ," ಎಂದು ರಾಮಯ್ಯನೂ ಆಕಾಶ ನೋಡುತ್ತ ಹೇಳಿದ.

ಪಂಕಜಾಕ್ಷಿ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. "ಮೇಡಂ, ನಮ್ಮೆಜಮಾನ್ರು ಈಗ ಹೇಳ್ತಿರೋದು ನಿಜ," ಅಂದಳು.

"ಗಂಡನ್ನ ಬಿಟ್ಟುಕೊಡ್ತೀರಾ ನೀವು?" ಎಂದು ಶಾಲಿನಿ ಅವಳ ಭುಜ ತಟ್ಟಿದರು.

ಹೊರಡುವ ಮೊದಲು ಇನ್ನೊಂದೇ ಕೆಲಸ ಬಾಕಿ ಇತ್ತು. ಬೀಜದ ಹೋರಿ ಎಂದ ಮೇಲೆ ಅದಕ್ಕೆ ಮೂಗುದಾರ ಇರಬೇಕು, ಮಾಲೀಕ ಅದನ್ನು ಹಿಡಿದು ನಿಂತ ಫೋಟೊ ಫೈಲಿಗೆ ಬೇಕು. ಇವತ್ತೇ ಬೇಕು. ಪ್ರತಾಪ್ ಜೀಪಿನಿಂದ ಹೊಸ ಹಗ್ಗ ತಂದು ಮಹಾದೇವಯ್ಯನ ಕೈಗೆ ಕೊಟ್ಟ. ಕೊಡುವಾಗ ಅವನ ಕಣ್ಣಲ್ಲಿ ನಿಜವಾದ ಕನಿಕರ ಇತ್ತು.

"ಬೆಳಿಗ್ಗೆ ಒಬ್ಬರೇ ಒಳಗೆ ಹೋಗಿ ಕೂದಲು ಕಿತ್ತು ತಂದೋರು ಇವರು. ಇವರಿಗೆ ಇದೆಲ್ಲ ಎಷ್ಟರದು?" ಅಂದರು ಶಾಲಿನಿ.

ಬೇಲಿಯ ಆಚೆ ಆಗಲೇ ಹೆಗ್ಗದ್ದೆಯ ಅರ್ಧ ಊರು ಸೇರಿತ್ತು. ಗಂಗಾಮಣಿ ತನ್ನ ಹಸುವಿಗೆ ಬೆಳಿಗ್ಗೆಯಿಂದ ಬೆದೆ ಬಂದಿದೆ ಎಂದೂ, ಸಾಲಿನಲ್ಲಿ ತಾನೇ ಮೊದಲು ಎಂದೂ ಯಾರ ಜೊತೆಗೋ ವಾದಿಸುತ್ತಿದ್ದಳು. ಮಹಾದೇವಯ್ಯ ಹಗ್ಗ ಹಿಡಿದು ಕೊಟ್ಟಿಗೆಯೊಳಗೆ ಕಾಲಿಟ್ಟ. ಮೂಲೆಯಲ್ಲಿ ಮಂಜ ಮೆಲುಕು ಹಾಕುತ್ತ ಮಲಗಿತ್ತು. ಗುಂಡ ತಲೆ ತಗ್ಗಿಸಿ ಅವನತ್ತ ತಿರುಗಿತು.

"ಹೋರಿ ತಪ್ಪಿಸ್ಕಂಡು ಹೊರಗೆ ಬಂದ್ರೆ ಕಷ್ಟ ಕಣೋ ಮಾದೇವ, ಜನ ಅವ್ರೆ," ಎಂದು ಕೂಗಿ ರಾಮಯ್ಯ ಹೊರಗಿನಿಂದ ಬಾಗಿಲು ಎಳೆದು ಚಿಲಕ ಹಾಕಿದ.